ಕಿರ್ದಿಗೆ ಏರದ ನಷ್ಟ: ಜಿಲ್ಲೆಯ ಆರೋಗ್ಯ ಸಂಶೋಧನೆ, ನಮ್ಮ ವಿದ್ಯಾರ್ಥಿಗಳು ಮತ್ತು ನಮ್ಮ ಹೊಣೆ

ವ್ಯಾಪಾರ ಮಾಡುವವರಿಗೆ ಲೆಕ್ಕದ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕಿರ್ದಿಗೆ ಏರದ ಖರ್ಚು ಖತಾವಣಿಯಲ್ಲಿ ಕಾಣುವುದಿಲ್ಲ. ಖತಾವಣಿಯಲ್ಲಿ ಕಾಣದ ನಷ್ಟಕ್ಕೆ ಯಾರೂ ಪರಿಹಾರ ಹುಡುಕುವುದಿಲ್ಲ. ನಮ್ಮ ಜಿಲ್ಲೆಯ ಮಗ್ಗ, ಗಾರ್ಮೆಂಟ್ಸ್ ಘಟಕ, ಗೋದಾಮು ಹಾಗೂ ಕಾರ್ಖಾನೆಗಳಲ್ಲಿ ದುಡಿಯುವವರ ಆರೋಗ್ಯದ ವಿಷಯದಲ್ಲಿ ಆಗುತ್ತಿರುವುದೂ ಇದೇ. ಕ್ಯಾನ್ಸರ್‌ನಂತಹ ರೋಗವು ನೇಕಾರನ ಮನೆಗೆ ಕಾಲಿಟ್ಟರೆ ಮಗ್ಗ ನಿಲ್ಲುತ್ತದೆ, ಒಡವೆ ಗಿರವಿ ಅಂಗಡಿ ಸೇರುತ್ತದೆ, ಓದುತ್ತಿದ್ದ ಮಗನೋ ಮಗಳೋ ಕೂಲಿಗೆ ಹೊರಡಬೇಕಾಗುತ್ತದೆ. ಇಂತಹ ಮನೆಗಳು ಜಿಲ್ಲೆಯಲ್ಲಿ ಎಷ್ಟಿವೆ, ಯಾವ ಸಮುದಾಯಗಳಲ್ಲಿ ಹೆಚ್ಚಾಗಿವೆ, ಪತ್ತೆಯಾಗುವ ಹೊತ್ತಿಗೆ ರೋಗ ಎಷ್ಟು ಮುಂದುವರಿದಿರುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ಪುಸ್ತಕವೊಂದು ನಮ್ಮ ಮುಂದಿಲ್ಲ.

ಆ ಪುಸ್ತಕವನ್ನು ಬರೆಯಲು ತೊಡಗಬಲ್ಲವರು ನಮ್ಮದೇ ಜಿಲ್ಲೆಯ ವಿದ್ಯಾರ್ಥಿಗಳು. ಅದರಲ್ಲಿಯೂ, ಲೆಕ್ಕದಿಂದ ಹೊರಗುಳಿದ ಸಮುದಾಯಗಳಲ್ಲಿಯೇ ಹುಟ್ಟಿ ಬೆಳೆದವರು. ಅವರಿಗೆ ಬೇಕಾದ ಅವಕಾಶವನ್ನು ಒದಗಿಸುವುದರಲ್ಲಿ ನಮ್ಮ ವಾಣಿಜ್ಯ ಸಂಸ್ಥೆಗೆ ಸ್ಪಷ್ಟವಾದ ಪಾತ್ರವಿದೆ ಎಂಬ ಅಭಿಪ್ರಾಯವನ್ನು ಸದಸ್ಯ ಮಿತ್ರರ ಪರಿಶೀಲನೆಗೆ ಮಂಡಿಸುವುದು ಈ ಲೇಖನದ ಉದ್ದೇಶ.

ದೀಪದ ಬುಡದ ಕತ್ತಲೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು 1981ರಲ್ಲಿ ಆರಂಭಿಸಿತು. 1982ರಿಂದ ಬೆಂಗಳೂರು ಮತ್ತು ಚೆನ್ನೈ ನಗರಗಳಲ್ಲಿ ಜನಸಂಖ್ಯೆಯನ್ನು ಆಧರಿಸಿದ ನೋಂದಣಿ ಕಾರ್ಯ ಪ್ರಾರಂಭವಾಯಿತು. ಬೆಂಗಳೂರಿನ ಹೊಣೆಯನ್ನು ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ವಹಿಸಿಕೊಂಡಿತು. ಮೊದಲ ವರ್ಷಗಳಲ್ಲಿ ಬೆಂಗಳೂರಿನ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಮೊದಲ ಸ್ಥಾನದಲ್ಲಿದ್ದು, ಕಾಲಕ್ರಮದಲ್ಲಿ ಸ್ತನದ ಕ್ಯಾನ್ಸರ್ ಅದನ್ನು ಹಿಂದಿಕ್ಕಿತು ಎಂಬುದು ನಮಗೆ ತಿಳಿದದ್ದು ಈ ನೋಂದಣಿಯಿಂದಲೇ. ಎಲ್ಲಿ ಯಾವ ತಪಾಸಣೆಗೆ ಹಣ ಹಾಕಬೇಕೆಂದು ಸರ್ಕಾರ ತೀರ್ಮಾನಿಸುವುದಕ್ಕೆ ಇಂತಹ ಅಂಕಿಅಂಶಗಳೇ ಆಧಾರ.

ಇಂದು ದೇಶದ ನಾನಾ ನೋಂದಣಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ವಿಶ್ಲೇಷಿಸುವ ಮಂಡಳಿಯ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರವು ಬೇರೆಲ್ಲೋ ಇಲ್ಲ; ನಮ್ಮ ದೇವನಹಳ್ಳಿ ತಾಲ್ಲೂಕಿನ ಕನ್ನಮಂಗಲದ ಬಳಿ, ಪೂಜನಹಳ್ಳಿ ರಸ್ತೆಯ ಆವರಣದಲ್ಲಿದೆ. ದುಡಿಮೆಯಿಂದ ಬರುವ ಕಾಯಿಲೆಗಳನ್ನು ಅಧ್ಯಯನ ಮಾಡುವ ಮಂಡಳಿಯ ದಕ್ಷಿಣ ಪ್ರಾದೇಶಿಕ ಕೇಂದ್ರವೂ ಅದೇ ಆವರಣದಲ್ಲಿದೆ. ಇಡೀ ದೇಶದ ಕ್ಯಾನ್ಸರ್ ಲೆಕ್ಕ ಸೇರುವ ಸ್ಥಳ ನಮ್ಮ ಜಿಲ್ಲೆಯಲ್ಲಿದೆ. ಆದರೆ ಬೆಂಗಳೂರಿನ ನೋಂದಣಿ ರೂಪುಗೊಂಡದ್ದು ನಗರದ ನಿವಾಸಿಗಳಿಗಾಗಿ. ದೊಡ್ಡಬಳ್ಳಾಪುರದ ಮಗ್ಗದ ಕೇರಿಯಾಗಲಿ ನೆಲಮಂಗಲದ ಹಳ್ಳಿಯಾಗಲಿ ಅದರ ಮೂಲ ಎಲ್ಲೆಯೊಳಗೆ ಇರಲಿಲ್ಲ. ದೀಪದ ಬುಡದಲ್ಲಿಯೇ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

2011ರ ಜನಗಣತಿಯ ಪ್ರಕಾರ ನಮ್ಮ ನಾಲ್ಕು ತಾಲ್ಲೂಕುಗಳ ಜನಸಂಖ್ಯೆ 9,90,923. 2025ರ ಜುಲೈನಲ್ಲಿ ಜಿಲ್ಲೆಗೆ ಬೆಂಗಳೂರು ಉತ್ತರ ಎಂಬ ಹೆಸರನ್ನಿಡಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಹೆಸರು ಏನೇ ಇರಲಿ, ಪ್ರಶ್ನೆ ಹಾಗೆಯೇ ಉಳಿದಿದೆ. ನೋಂದಣಿ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಸುಮಾರು 14.6 ಲಕ್ಷ ಹೊಸ ಪ್ರಕರಣಗಳು, ಅಂದರೆ ಲಕ್ಷ ಜನರಿಗೆ ಸುಮಾರು ನೂರು. ಅದೇ ಪ್ರಮಾಣವನ್ನು ನಮ್ಮ ಜಿಲ್ಲೆಗೆ ಅನ್ವಯಿಸಿದರೆ ವರ್ಷಕ್ಕೆ ಸಾವಿರದ ಆಸುಪಾಸು ಮನೆಗಳು. ಇದು ಕೇವಲ ಗುಣಾಕಾರ. ನೋಡಿ ಬರೆದ ಲೆಕ್ಕವಲ್ಲ.

ಸರಾಸರಿಯಲ್ಲಿ ಮರೆಯಾಗುವವರು

ಅಲ್ಪಸಂಖ್ಯಾತರು ಎಂದೊಡನೆ ಧರ್ಮದ ಆಧಾರದ ಮೇಲೆ ಯೋಚಿಸುವುದು ರೂಢಿ. ಆರೋಗ್ಯದ ಲೆಕ್ಕದಲ್ಲಿ ಆ ಪದಕ್ಕೆ ಇನ್ನೂ ವಿಶಾಲವಾದ ಅರ್ಥವಿದೆ. ಸಂಖ್ಯೆಯಲ್ಲಿ ಸಣ್ಣದಾಗಿದ್ದು, ಜಿಲ್ಲೆಯ ಒಟ್ಟು ಸರಾಸರಿಯಲ್ಲಿ ಯಾರ ಕಷ್ಟ ಕರಗಿ ಹೋಗುತ್ತದೆಯೋ ಅವರೆಲ್ಲರೂ ಇಲ್ಲಿ ಅಲ್ಪಸಂಖ್ಯಾತರೇ. ಹತ್ತು ಸರಕುಗಳ ಲಾಭನಷ್ಟವನ್ನು ಒಂದೇ ಸಾಲಿನಲ್ಲಿ ಕೂಡಿಸಿ ಬರೆದರೆ ಯಾವ ಸರಕು ನಷ್ಟ ತರುತ್ತಿದೆಯೆಂದು ಮಾಲೀಕನಿಗೆ ತಿಳಿಯದು, ಇದೂ ಹಾಗೆಯೇ.

ವಿಜಯಪುರದ ರೇಷ್ಮೆ ನೂಲು ತೆಗೆಯುವ ಮನೆಗಳನ್ನು ನೋಡಿ. ಬಿಸಿನೀರಿನ ಆವಿ, ಗೂಡಿನ ವಾಸನೆ, ಗಾಳಿಯಾಡದ ಕೋಣೆ. ಅಲ್ಲಿ ದುಡಿಯುವವರಲ್ಲಿ ಮುಸ್ಲಿಂ ಕುಟುಂಬಗಳು ಬಹಳ. ರೇಷ್ಮೆಯ ಅಂಟಿನಿಂದ ಕೆಲವರಿಗೆ ಉಬ್ಬಸ ಬರುತ್ತದೆಂಬುದು ವೈದ್ಯಶಾಸ್ತ್ರಕ್ಕೆ ಗೊತ್ತಿರುವ ಸಂಗತಿ. ದೊಡ್ಡಬಳ್ಳಾಪುರದಲ್ಲಿ ವಾಸದ ಮನೆಯಲ್ಲಿಯೇ ವಿದ್ಯುತ್ ಮಗ್ಗ ಓಡುತ್ತದೆ. ಮಗು ಮಲಗುವ ಕೋಣೆಗೂ ಮಗ್ಗದ ಸದ್ದಿಗೂ ನಡುವೆ ಒಂದು ಗೋಡೆ ಮಾತ್ರ. ಜಿಲ್ಲೆಯ ಜನರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಪರಿಶಿಷ್ಟ ಜಾತಿಗಳಿಗೆ ಸೇರಿದವರು. ಅವರ ಕಾಲೋನಿಗಳ ಆರೋಗ್ಯದ ಚಿತ್ರವೂ ಜಿಲ್ಲೆಯ ಸರಾಸರಿಯಲ್ಲಿ ಬೇರೆಯಾಗಿ ಕಾಣದು.

ಇನ್ನು ಹೊಸಕೋಟೆ, ದಾಬಸ್‌ಪೇಟೆಗಳ ಗೋದಾಮು ಮತ್ತು ಕಾರ್ಖಾನೆಗಳಿಗೆ ಒಡಿಶಾ, ಬಿಹಾರ, ಅಸ್ಸಾಂಗಳಿಂದ ಬಂದ ಕೆಲಸಗಾರರು. ಜನಸಂಖ್ಯೆ ಆಧಾರಿತ ನೋಂದಣಿಯಲ್ಲಿ ರೋಗಿಯನ್ನು ಆ ಊರಿನವನೆಂದು ಎಣಿಸಬೇಕಾದರೆ ಆತ ಅಲ್ಲಿ ಕನಿಷ್ಠ ಒಂದು ವರ್ಷ ವಾಸವಾಗಿರಬೇಕು. ಎಂಟು ತಿಂಗಳು ಇಲ್ಲಿ, ನಾಲ್ಕು ತಿಂಗಳು ಬೇರೆ ಕಡೆ ದುಡಿಯುವವನು ಇಲ್ಲಿಯೂ ಎಣಿಕೆಯಾಗದೆ ಅಲ್ಲಿಯೂ ಎಣಿಕೆಯಾಗದೆ ಉಳಿಯುವ ಸಂಭವವಿದೆ. ಈ ನಿಯಮದಲ್ಲಿ ತಪ್ಪಿಲ್ಲ. ಎಣಿಕೆಗೆ ಒಂದು ಎಲ್ಲೆ ಬೇಕೇ ಬೇಕು. ಆದರೆ ಎಲ್ಲೆಯ ಹೊರಗೆ ಉಳಿದವರನ್ನು ಬೇರೆ ಬಗೆಯಲ್ಲಿ ಹುಡುಕಿ ಅರಿಯುವ ಪ್ರಯತ್ನವೂ ಬೇಕಲ್ಲವೇ?

ಎರಡು ತಿಂಗಳಲ್ಲಿ ವಿದ್ಯಾರ್ಥಿಯಿಂದ ಏನಾದೀತು?

ಈ ಪ್ರಶ್ನೆ ನ್ಯಾಯವಾದುದು. ಹತ್ತು ಸಾವಿರ ಜನರಿರುವ ಸಮುದಾಯದಲ್ಲಿ ವರ್ಷಕ್ಕೆ ಹತ್ತು ಹೊಸ ಕ್ಯಾನ್ಸರ್ ಪ್ರಕರಣಗಳು ಬಂದಾವು. ಅಷ್ಟರಿಂದ ರೋಗದ ಪ್ರಮಾಣವನ್ನು ವಿದ್ಯಾರ್ಥಿಯೊಬ್ಬ ನಿರ್ಧರಿಸಲಾರ. ನಿರ್ಧರಿಸಲು ಹೋಗಲೂ ಬಾರದು. ಆದರೆ ರೋಗಕ್ಕೆ ಮುಂಚಿನ ಸ್ಥಿತಿಯನ್ನೂ ರೋಗ ಪತ್ತೆಯಾಗುವವರೆಗಿನ ವಿಳಂಬವನ್ನೂ ಆತ ಖಂಡಿತವಾಗಿ ದಾಖಲಿಸಬಲ್ಲ. ಬಾಯಲ್ಲಿ ಹುಣ್ಣು ಕಂಡ ದಿನದಿಂದ ವೈದ್ಯರ ಬಳಿ ಹೋದ ದಿನಕ್ಕೆ ಎಷ್ಟು ವಾರ ಕಳೆಯಿತು? ಕೂಲಿ ತಪ್ಪುವ ಭಯವೋ, ಬಸ್ಸಿನ ಕೊರತೆಯೋ, ಜೊತೆಗೆ ಬರುವವರಿಲ್ಲವೆಂಬುದೋ, ಯಾವುದು ಆಕೆಯನ್ನು ತಡೆಯಿತು? ಇಂತಹ ಪ್ರಶ್ನೆಗಳಿಗೆ ಪ್ರಯೋಗಶಾಲೆ ಬೇಕಿಲ್ಲ. ಭಾಷೆ, ತಾಳ್ಮೆ ಮತ್ತು ನಂಬಿಕೆ ಬೇಕು.

ಭಾಷೆಯ ಮಾತು ಬಂದುದರಿಂದ ಒಂದು ಉದಾಹರಣೆ. ತಂಬಾಕು ಸೇವಿಸುತ್ತೀರಾ ಎಂದು ಕೇಳಿದರೆ ಇಲ್ಲವೆನ್ನುವ ಹೆಂಗಸು, ಎಲೆಯಡಿಕೆಗೆ ಹೊಗೆಸೊಪ್ಪು ಇಲ್ಲವೇ ಕಡ್ಡಿಪುಡಿ ಹಾಕಿಕೊಳ್ಳುತ್ತೀರಾ ಎಂದರೆ ಹೌದೆನ್ನಬಹುದು. ಪ್ರಶ್ನೆ ತಪ್ಪಿದರೆ ಅಂಕಿಯೂ ತಪ್ಪುತ್ತದೆ. 2016-17ರ ವಯಸ್ಕರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇಕಡ 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ರಾಜ್ಯ ಸರ್ಕಾರ 2013ರಲ್ಲಿಯೇ ಗುಟ್ಕಾ ನಿಷೇಧಿಸಿತ್ತು. ತಂಬಾಕಿಲ್ಲದ ಬರಿಯ ಅಡಿಕೆಯನ್ನೂ ಕ್ಯಾನ್ಸರ್ ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಈ ವಿಷಯ ಮಗ್ಗದ ಕೇರಿಗಳಿಗೆ ಎಷ್ಟರಮಟ್ಟಿಗೆ ಮುಟ್ಟಿದೆ? ಕನ್ನಡ, ತೆಲುಗು, ದಖ್ಖನಿ ಉರ್ದು ಮೂರನ್ನೂ ಮನೆಯಲ್ಲಿ, ಬೀದಿಯಲ್ಲಿ ಕೇಳಿ ಬೆಳೆದ ವಿದ್ಯಾರ್ಥಿನಿ ಇದನ್ನು ತಿಳಿದು ಬರುವಷ್ಟು ಸುಲಭವಾಗಿ ಹೊರಗಿನ ತಜ್ಞರು ತಿಳಿಯಲಾರರು. ಸ್ತನದ ಗಂಟಿನ ಮಾತನ್ನು ಅಪರಿಚಿತ ಗಂಡಸಿನ ಮುಂದೆ ಯಾವ ತಾಯಿ ಆಡಿಯಾಳು?

ತಜ್ಞರಲ್ಲದವರ ಕೈಯಿಂದ ಘನವಾದ ಕೆಲಸ ನಡೆದುದಕ್ಕೆ ನೆರೆಯ ರಾಜ್ಯಗಳಲ್ಲಿಯೇ ನಿದರ್ಶನಗಳಿವೆ. ತಿರುವನಂತಪುರ ಜಿಲ್ಲೆಯ 13 ಪಂಚಾಯತಿಗಳಲ್ಲಿ 1996ರಲ್ಲಿ ಆರಂಭವಾದ ಅಧ್ಯಯನದಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿಯನ್ನು ಕಣ್ಣಿನಿಂದ ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತಂಬಾಕು ಅಥವಾ ಮದ್ಯದ ಅಭ್ಯಾಸವುಳ್ಳವರಲ್ಲಿ ಬಾಯಿ ಕ್ಯಾನ್ಸರ್‌ನ ಸಾವುಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಅಲ್ಲಿ ರೋಗಿ ಆಸ್ಪತ್ರೆಗೆ ಬರಲೆಂದು ಕಾಯದೆ ಸಿಬ್ಬಂದಿ ಹಳ್ಳಿಗಳಿಗೆ ಹೋಗಿ ವಿಚಾರಿಸಿದರು, ರೋಗದ ಲಕ್ಷಣಗಳನ್ನು ವಿವರಿಸಿದರು. ಕ್ರಮೇಣ ಗರ್ಭಕಂಠದ ಕ್ಯಾನ್ಸರ್ ಇರುವ ಮಹಿಳೆಯರು ಮೊದಲಿಗಿಂತ ಬೇಗ ಚಿಕಿತ್ಸೆಗೆ ಬರತೊಡಗಿದರು. ಎಣಿಸುವ ಕೆಲಸವೇ ಅರಿವಿನ ಕೆಲಸವೂ ಆಯಿತು. ಅದೇ ಬುನಾದಿಯ ಮೇಲೆ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯ, ಅಂದರೆ ಇಂದಿನ ಧಾರಾಶಿವದ, 1,31,746 ಮಹಿಳೆಯರನ್ನೊಳಗೊಂಡ ಅಧ್ಯಯನ ನಡೆದು, ಒಂದೇ ಸುತ್ತಿನ ಎಚ್‌ಪಿವಿ ಪರೀಕ್ಷೆಯಿಂದ ಗರ್ಭಕಂಠದ ಕ್ಯಾನ್ಸರ್‌ನ ಸಾವುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತವೆಂದು 2009ರಲ್ಲಿ ತೋರಿಸಿತು.

ಇಂದಿರುವ ಬಾಗಿಲುಗಳು ಮತ್ತು ಅವುಗಳ ಕಿರಿದುತನ

ಅವಕಾಶಗಳೇ ಇಲ್ಲವೆನ್ನುವುದು ಸರಿಯಲ್ಲ. ವೈದ್ಯಕೀಯ ಹಾಗೂ ದಂತವೈದ್ಯಕೀಯ ವಿದ್ಯಾರ್ಥಿಗಳು ಎರಡು ತಿಂಗಳ ಸಂಶೋಧನೆ ಮಾಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1979ರಲ್ಲಿಯೇ ಅಲ್ಪಾವಧಿ ವಿದ್ಯಾರ್ಥಿವೇತನ ಯೋಜನೆಯನ್ನು ತಂದಿತು. ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಈಗ ಕುಟುಂಬ ದತ್ತು ಕಾರ್ಯಕ್ರಮವಿದ್ದು, ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ಓದಿನುದ್ದಕ್ಕೂ ಗಮನಿಸಬೇಕಾಗಿದೆ. ಹೊಸಕೋಟೆ, ದೇವನಹಳ್ಳಿ, ನೆಲಮಂಗಲಗಳಲ್ಲಿ ವೈದ್ಯಕೀಯ ಕಾಲೇಜುಗಳಿರುವುದರಿಂದ ನಮ್ಮ ಹಳ್ಳಿಗಳಿಗೆ ವಿದ್ಯಾರ್ಥಿಗಳು ಹೇಗೂ ಬರುತ್ತಾರೆ.

ಕೊರತೆಯಿರುವುದು ಬೇರೆಡೆ. ಮಂಡಳಿಯ ಯೋಜನೆಗೆ ದೇಶದಾದ್ಯಂತ ಸ್ಪರ್ಧೆಯಿದೆ. ನರ್ಸಿಂಗ್ ಶಾಲೆಯ ಹುಡುಗಿಗೆ, ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಿ.ಎಸ್‌ಸಿ. ವಿದ್ಯಾರ್ಥಿಗೆ, ಸಮಾಜಕಾರ್ಯ ಓದುವವರಿಗೆ ಆ ಬಾಗಿಲು ತೆರೆಯದು. ಮಗ್ಗದ ಮನೆಯ ಮಕ್ಕಳು ಹೆಚ್ಚಾಗಿ ಇರುವುದು ಈ ತರಗತಿಗಳಲ್ಲಿಯೇ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಉನ್ನತ ಸಂಶೋಧನೆಗೆ 2009ರಿಂದ ದೊರೆಯುತ್ತಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಯೋಜನೆಯನ್ನು ಕೇಂದ್ರ ಸರ್ಕಾರ 2022ರಲ್ಲಿ ನಿಲ್ಲಿಸಿತು. ಅದು ಇದ್ದಾಗಲೂ ಎಂ.ಫಿಲ್. ಅಥವಾ ಪಿಎಚ್.ಡಿ. ಮಟ್ಟಕ್ಕೆ ಏರಿದವರಿಗೆ ಮಾತ್ರವಿತ್ತು. ರಜೆಯ ಎರಡು ತಿಂಗಳಲ್ಲಿ ಮನೆಗೆ ನಾಲ್ಕು ಕಾಸು ತರಬೇಕಾದ ವಿದ್ಯಾರ್ಥಿಯನ್ನು ಪುಕ್ಕಟೆಯಾಗಿ ಸಂಶೋಧನೆ ಮಾಡೆನ್ನುವುದು ನ್ಯಾಯವಲ್ಲ. ಸಂಬಳವಿಲ್ಲದ ಅವಕಾಶ ಉಳ್ಳವರ ಮಕ್ಕಳಿಗೆ ಮಾತ್ರ ಅವಕಾಶ.

ನೆನಪಿಡಬೇಕಾದ ಎಚ್ಚರಿಕೆ

ದುರ್ಬಲ ಸಮುದಾಯಗಳ ಮೇಲೆ ನಡೆದ ಸಂಶೋಧನೆಯ ಚರಿತ್ರೆ ಯಾವಾಗಲೂ ಶುಭ್ರವಾಗಿಲ್ಲ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ರೋಗವಿದ್ದ ಕಪ್ಪು ಜನರಿಗೆ ಮದ್ದು ಲಭ್ಯವಾದ ಮೇಲೂ ಕೊಡದೆ ರೋಗ ಮುಂದುವರಿಯುವುದನ್ನು ಗಮನಿಸುತ್ತ ಕುಳಿತರು. ಅದೇ ದೇಶ 1993ರಲ್ಲಿ ಕಾನೂನು ಮಾಡಿ, ಸರ್ಕಾರದ ಹಣದಿಂದ ನಡೆಯುವ ವೈದ್ಯಕೀಯ ಸಂಶೋಧನೆಯಲ್ಲಿ ಮಹಿಳೆಯರನ್ನೂ ಅಲ್ಪಸಂಖ್ಯಾತರನ್ನೂ ಒಳಗೊಳ್ಳಬೇಕೆಂದು ವಿಧಿಸಿತು. ಬಳಸಿಕೊಳ್ಳುವುದು ಒಂದು ಅನ್ಯಾಯ, ಬಿಟ್ಟುಬಿಡುವುದು ಇನ್ನೊಂದು.

ದೂರದ ಮಾತೇಕೆ? ಖಮ್ಮಂ ಹಾಗೂ ವಡೋದರಾ ಜಿಲ್ಲೆಗಳಲ್ಲಿ ಶಾಲಾ ಬಾಲಕಿಯರಿಗೆ ಎಚ್‌ಪಿವಿ ಲಸಿಕೆ ನೀಡುವ ಪ್ರಾಯೋಗಿಕ ಯೋಜನೆ 2009ರಲ್ಲಿ ಆರಂಭವಾಗಿ 2010ರ ಏಪ್ರಿಲ್‌ನಲ್ಲಿ ಸ್ಥಗಿತವಾಯಿತು. ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್‌ಗಳಿಂದ ಒಪ್ಪಿಗೆ ಪತ್ರಕ್ಕೆ ಸಹಿ ಪಡೆದುದನ್ನು ಸಂಸತ್ತಿನ ಸ್ಥಾಯಿ ಸಮಿತಿ 2013ರಲ್ಲಿ ಕಟುವಾಗಿ ಟೀಕಿಸಿತು. ಆ ಬಾಲಕಿಯರಲ್ಲಿ ಬುಡಕಟ್ಟಿನ ಮಕ್ಕಳೂ ಇದ್ದರು. ಲಸಿಕೆಯ ಗುಣ ಬೇರೆ ಪ್ರಶ್ನೆ. ಕೇಳದೆ ಮಾಡಿದ್ದು ತಪ್ಪು. ಮೇಲೆ ಹೇಳಿದ ಉಸ್ಮಾನಾಬಾದ್ ಅಧ್ಯಯನದಲ್ಲಿಯೂ, ಹೋಲಿಕೆಗಾಗಿ ಇಟ್ಟ ಗುಂಪಿನ ಮಹಿಳೆಯರಿಗೆ ತಪಾಸಣೆ ಮಾಡದಿದ್ದುದು ಮುಂದೆ ದೊಡ್ಡ ಚರ್ಚೆಗೆ ಗ್ರಾಸವಾಯಿತು.

ಆದುದರಿಂದ ನಮ್ಮ ಜಿಲ್ಲೆಯಲ್ಲಿ ನಡೆಯುವ ಪ್ರತಿಯೊಂದು ಅಧ್ಯಯನವೂ ವೈದ್ಯಕೀಯ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಪಡೆದಿರಬೇಕು. ವಾರ್ಡನ್ ಮಕ್ಕಳ ಪರವಾಗಿ ಸಹಿ ಹಾಕಿದಂತೆ ಮಾಲೀಕನು ಕೆಲಸಗಾರರ ಪರವಾಗಿ ಒಪ್ಪಿಗೆ ನೀಡಲಾಗದು. ಬಾಯಲ್ಲಿ ಬಿಳಿಯ ಮಚ್ಚೆ ಕಂಡರೆ, ಅದನ್ನು ಬರೆದುಕೊಂಡು ಹೋಗುವುದಷ್ಟೇ ಆಗದೆ, ಆ ವ್ಯಕ್ತಿಯನ್ನು ಆಸ್ಪತ್ರೆಯವರೆಗೆ ತಲುಪಿಸುವ ದಾರಿಯೂ ಮೊದಲೇ ಸಿದ್ಧವಾಗಿರಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆಯಿದೆ. ಕಿದ್ವಾಯಿ ಸಂಸ್ಥೆ ಒಂದೆರಡು ತಾಸಿನ ದಾರಿ. ಹಣಕ್ಕಿಂತ ಹೆಚ್ಚಾಗಿ ಕೈಹಿಡಿದು ಕರೆದೊಯ್ಯುವವರ ಅಗತ್ಯವಿದೆ.

ಚಿಕಿತ್ಸೆ ಕೊಡಿಸಿದರೆ ಸಾಕು, ಸಮೀಕ್ಷೆಯ ಗೊಡವೆ ಏಕೆ ಎನ್ನುವವರಿದ್ದಾರೆ. ಸರ್ಕಾರದ ತಪಾಸಣಾ ಕಾರ್ಯಕ್ರಮ ಮೂವತ್ತು ವರ್ಷ ದಾಟಿದವರಿಗೆಲ್ಲ ಇದೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದ 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಎಂದಾದರೂ ಗರ್ಭಕಂಠದ ತಪಾಸಣೆಗೆ ಒಳಗಾದವರು ಶೇಕಡ 1.9 ಮಾತ್ರ. ಅಂಗಡಿ ತೆರೆದಿದ್ದೂ ಗಿರಾಕಿ ಬಾರದಿದ್ದರೆ ಕಾರಣವನ್ನು ಗಿರಾಕಿಯಿಂದಲೇ ಕೇಳಿ ತಿಳಿಯಬೇಕು. ಸಂಶೋಧನೆಯೆಂದರೆ ಅದೇ.

ಉದ್ಯಮಿಗಳ ಅಳುಕು

ನಮ್ಮಲ್ಲಿ ಹಲವರ ಮನಸ್ಸಿನಲ್ಲಿರುವ ಅಳುಕನ್ನು ಬಾಯಿಬಿಟ್ಟು ಹೇಳುವುದೇ ಲೇಸು. ವಿದ್ಯಾರ್ಥಿಗಳನ್ನು ಶೆಡ್ಡಿನೊಳಗೆ ಬಿಟ್ಟರೆ ಧೂಳು, ಸದ್ದು, ಬಣ್ಣದ ರಾಸಾಯನಿಕಗಳ ಸಂಗತಿ ಹೊರಬೀಳುತ್ತದೆ; ನಾಳೆ ನೋಟೀಸು ಬಂದೀತು; ಕೊಳ್ಳುವವರು ಹಿಂದೆ ಸರಿದಾರು. ಅತ್ತ ಕೆಲಸಗಾರನಿಗೂ ಭಯವಿದೆ: ಕಾಯಿಲೆಯೆಂದು ತಿಳಿದರೆ ಮಾಲೀಕ ಕೆಲಸದಿಂದ ತೆಗೆದಾನು.

ಎರಡು ಭಯಗಳಲ್ಲಿ ಎರಡನೆಯದೇ ಹಿರಿದೆಂದು ಒಪ್ಪಿಕೊಳ್ಳಬೇಕು. ಮಾಲೀಕನು ಕಳೆದುಕೊಳ್ಳುವುದು ಒಂದು ಆರ್ಡರು. ಕೆಲಸಗಾರನು ಕಳೆದುಕೊಳ್ಳುವುದು ಜೀವನ. ಆದ ಕಾರಣ ಯಾರಿಗೆ ಯಾವ ಕಾಯಿಲೆ ಎಂಬ ಮಾಹಿತಿ ಮಾಲೀಕನ ಮೇಜಿಗೆ ಬರಲೇಕೂಡದು. ಹಣ ಕೊಟ್ಟವರು ವರದಿಯನ್ನು ತಿದ್ದುವ ಅಥವಾ ತಡೆಹಿಡಿಯುವ ಹಕ್ಕನ್ನು ಕೇಳಕೂಡದು. ಈ ಎರಡು ಮಾತುಗಳಿಗೆ ಒಪ್ಪದ ಸದಸ್ಯರು ಈ ಕೆಲಸಕ್ಕೆ ಹಣ ಕೊಡದಿರುವುದೇ ಮೇಲು.

ನಮಗೆ ಲಾಭವಿಲ್ಲವೇ? ಇದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯ ಪ್ರಕಾರ, ಸರ್ಕಾರ ಗೊತ್ತುಪಡಿಸುವ ವರ್ಗದ ನೌಕರರಿಗೆ ಮಾಲೀಕರು ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸಬೇಕು. ಯಾವ ಕೆಲಸದಲ್ಲಿ ಯಾವ ತೊಂದರೆ ಹೆಚ್ಚು ಎಂಬ ಸ್ಥಳೀಯ ಅರಿವಿದ್ದರೆ ಆ ತಪಾಸಣೆ ಅರ್ಥಪೂರ್ಣವಾಗುತ್ತದೆ. ಇಲ್ಲದಿದ್ದರೆ ಕಾಗದ ತುಂಬುವ ಶಾಸ್ತ್ರವಾಗುತ್ತದೆ. ಆದರೆ ಹತ್ತಕ್ಕಿಂತ ಕಡಿಮೆ ಜನರಿರುವ ಮಗ್ಗದ ಮನೆಗಳು ಸಾಮಾನ್ಯವಾಗಿ ಇ.ಎಸ್.ಐ.ನಂತಹ ರಕ್ಷಣೆಯಿಂದ ಹೊರಗಿರುವುದರಿಂದ ಅಲ್ಲಿಯ ಅಗತ್ಯವೇ ಹೆಚ್ಚಿನದು.

ನಮ್ಮ ಸಂಸ್ಥೆ ಮಾಡಬಹುದಾದುದು

ಕಾರ್ಯಕಾರಿ ಸಮಿತಿಯ ಪರಿಶೀಲನೆಗಾಗಿ ಕೆಲವು ಸಲಹೆಗಳು:

ಮೊದಲನೆಯದಾಗಿ, ವರ್ಷಕ್ಕೆ 20 ವಿದ್ಯಾರ್ಥಿಗಳಿಗೆ, ತಾಲ್ಲೂಕಿಗೆ ಐವರಂತೆ, ಎರಡು ತಿಂಗಳ ಸಂಶೋಧನಾ ವೇತನ. ತಲಾ 25,000 ರೂಪಾಯಿಯಂತೆ ಐದು ಲಕ್ಷ. ಓಡಾಟ, ತರಬೇತಿ, ಮುದ್ರಣಕ್ಕೆ ಇನ್ನೆರಡು ಲಕ್ಷ. ವೈದ್ಯಕೀಯದ ಜೊತೆಗೆ ನರ್ಸಿಂಗ್, ವಿಜ್ಞಾನ, ಸಮಾಜಕಾರ್ಯದ ವಿದ್ಯಾರ್ಥಿಗಳಿಗೂ ಅವಕಾಶವಿರಲಿ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಆದ್ಯತೆ ಸಿಗಲಿ.

ಎರಡನೆಯದಾಗಿ, ಜಿಲ್ಲೆಯ ವೈದ್ಯಕೀಯ ಕಾಲೇಜುಗಳ ಸಮುದಾಯ ವೈದ್ಯಶಾಸ್ತ್ರ ವಿಭಾಗಗಳು ಹಾಗೂ ಕನ್ನಮಂಗಲದ ಕೇಂದ್ರಗಳೊಡನೆ ಮಾರ್ಗದರ್ಶನಕ್ಕಾಗಿ ಮಾತುಕತೆ. ನೆರೆಯವರ ಬಾಗಿಲು ಬಡಿಯದೆ ದೂರುವುದು ತರವಲ್ಲ.

ಮೂರನೆಯದಾಗಿ, ಹಣದ ಮೂಲ. 2013ರ ಕಂಪನಿ ಕಾಯಿದೆಯ 135ನೇ ಕಲಮಿನ ವ್ಯಾಪ್ತಿಗೆ ಬರುವ ದೊಡ್ಡ ಸದಸ್ಯ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕಾಗಿದೆ. ಆರೋಗ್ಯ, ಶಿಕ್ಷಣ ಎರಡೂ ಅದರ ಪಟ್ಟಿಯಲ್ಲಿವೆ. ಆದರೆ ತನ್ನ ನೌಕರರಿಗಷ್ಟೇ ಅನುಕೂಲವಾಗುವ ವೆಚ್ಚ ಅದರಲ್ಲಿ ಲೆಕ್ಕಕ್ಕೆ ಬಾರದು. ಆದುದರಿಂದ ಅಧ್ಯಯನ ಒಂದು ಕಾರ್ಖಾನೆಗೆ ಸೀಮಿತವಾಗದೆ ಕೇರಿ, ಹಳ್ಳಿ, ಕಾಲೋನಿಗಳನ್ನು ಒಳಗೊಳ್ಳಬೇಕು. ವಿವರಗಳನ್ನು ಸದಸ್ಯರು ತಮ್ಮ ಲೆಕ್ಕಪರಿಶೋಧಕರೊಡನೆ ಸಮಾಲೋಚಿಸಲಿ. ಸಣ್ಣ ಉದ್ದಿಮೆದಾರರು ಯಥಾಶಕ್ತಿ ಸೇರಬಹುದು.

ನಾಲ್ಕನೆಯದಾಗಿ, ಫಲಿತಾಂಶವನ್ನು ಮೊದಲು ಆಯಾ ಕೇರಿಯ ಜನರ ಮುಂದೆ, ಅವರ ಭಾಷೆಯಲ್ಲಿ ಓದಿ ಹೇಳಬೇಕು. ನಂತರ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ. ಆಮೇಲೆ ಈ ಪತ್ರಿಕೆಗೆ. ಹೆಸರುಗಳನ್ನು ಎಲ್ಲಿಯೂ ಪ್ರಕಟಿಸಕೂಡದು.

ಏಳು ಲಕ್ಷ ರೂಪಾಯಿ ನಮ್ಮ ಜಿಲ್ಲೆಯ ವಾಣಿಜ್ಯದ ಗಾತ್ರಕ್ಕೆ ದೊಡ್ಡ ಮೊತ್ತವಲ್ಲ. ಐದು ವರ್ಷಗಳಲ್ಲಿ ನೂರು ಯುವಕ ಯುವತಿಯರು ಕೇಳುವುದನ್ನು, ಬರೆಯುವುದನ್ನು, ಅಂಕಿಗಳನ್ನು ಪ್ರಶ್ನಿಸುವುದನ್ನು ಕಲಿತಿರುತ್ತಾರೆ. ಅವರಲ್ಲಿ ಕೆಲವರಾದರೂ ಮುಂದೆ ವೈದ್ಯರೋ ಸಂಶೋಧಕರೋ ಆಗುತ್ತಾರೆ. ಉಳಿದವರು ತಮ್ಮ ಕೇರಿಯಲ್ಲಿ ಬಾಯಿಯ ಮಚ್ಚೆಯನ್ನು ಗುರುತಿಸಿ, ನಾಳೆಗೆ ಬಿಡಬೇಡಿ ಎಂದು ಹೇಳಬಲ್ಲವರಾಗುತ್ತಾರೆ. ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಅರ್ಧ ಗಂಟೆ ಮೀಸಲಿಡಬೇಕೆಂದು ಕೋರುತ್ತೇನೆ. ವಿರೋಧವಿರುವವರು ಅಲ್ಲಿಯೇ ಹೇಳಲಿ. ಆದರೆ ವಿಷಯ ಕಿರ್ದಿಗೆ ಏರಲಿ.